ಮತವಿಲ್ಲದವನ ಮತಯಾಚನೆ

ತನಗೇ ಓಟಿಲ್ಲದವನು ಮತ್ತೊಬ್ಬರ ಮನೆ ಬಾಗಿಲಿಗೆ ಹೋಗಿ ಓಟು ಕೇಳಬಹುದೇ? ಈ ಪ್ರಶ್ನೆಯನ್ನು ತಮ್ಮ ಮುಂದಿಡುವುದಕ್ಕೆ ಕಾರಣವಿದೆ. 2008ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚಿನ ವಾರಗಳಲ್ಲಿ ನಾನು ಬರಾಕ್ ಒಬಾಮಾ ಅವರ ಪರವಾಗಿ ಸ್ವಯಂಸೇವಕನಾಗಿ ಮನೆಮನೆ ಸುತ್ತಿದವನು. ಆಗ ನನ್ನ ವಾಸ ನ್ಯೂಜೆರ್ಸಿಯಲ್ಲಿ. ಕೈಯಲ್ಲಿದ್ದದ್ದು ಗ್ರೀನ್ ಕಾರ್ಡ್ ಮಾತ್ರ. ಗ್ರೀನ್ ಕಾರ್ಡ್ ಉಳ್ಳವರು ಅಲ್ಲಿ ತೆರಿಗೆ ಕಟ್ಟಬೇಕು, ಆದರೆ ಮತ ಹಾಕುವಂತಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಗೆ ಚುನಾವಣೆ ನಡೆದಾಗ ಇಲ್ಲಿಯೂ ನನಗೆ ಮತವಿರಲಿಲ್ಲ. ಹೊರದೇಶದಲ್ಲಿ ನೆಲೆಸಿದ ಭಾರತೀಯ ನಾಗರಿಕರು ಮತದಾರರ ಪಟ್ಟಿಗೆ ಸೇರಲು ಅವಕಾಶ ಕೊಟ್ಟ ತಿದ್ದುಪಡಿ ಬಂದದ್ದು 2010ರಲ್ಲಿ. ಅದರ ಮೇಲೂ ಊರಿಗೆ ಬಂದೇ ಮತ ಹಾಕಬೇಕು. ಹೀಗೆ ಎರಡು ದೊಡ್ಡ ಪ್ರಜಾಪ್ರಭುತ್ವಗಳ ನಡುವೆ ನಿಂತು ಯಾವುದಕ್ಕೂ ಬೆರಳು ಕೊಡಲಾಗದ ಸ್ಥಿತಿ ನನ್ನದಾಗಿತ್ತು. ಸಂಬಳವಿಲ್ಲದೆ ಪ್ರಚಾರಕ್ಕೆ ದುಡಿಯಲು ಮಾತ್ರ ಅಲ್ಲಿನ ಕಾನೂನಿನ ಅಡ್ಡಿಯಿರಲಿಲ್ಲ.

ಅಲ್ಲಿ ಅಧ್ಯಕ್ಷರನ್ನು ನಿರ್ಧರಿಸುವುದು ದೇಶದ ಒಟ್ಟು ಮತಗಳ ಎಣಿಕೆಯಲ್ಲ ಎಂಬುದನ್ನು ತಾವು ಬಲ್ಲಿರಿ. ರಾಜ್ಯಗಳಿಗೆ ಹಂಚಿದ 538 ಚುನಾಯಕ ಮತಗಳಲ್ಲಿ 270 ಗಳಿಸಬೇಕು. ಒಂದೆರಡು ರಾಜ್ಯಗಳನ್ನು ಬಿಟ್ಟರೆ, ರಾಜ್ಯದಲ್ಲಿ ಮುಂದಿರುವವರಿಗೆ ಆ ರಾಜ್ಯದ ಮತಗಳೆಲ್ಲವೂ ಸಲ್ಲುತ್ತವೆ. ನ್ಯೂಜೆರ್ಸಿಯ 15 ಮತಗಳು ಯಾರಿಗೆಂಬುದು ಮೊದಲೇ ಗೊತ್ತಿದ್ದ ಮಾತು; ನದಿಯಾಚೆಯ ಪೆನ್ಸಿಲ್ವೇನಿಯಾದ 21 ಮತಗಳಿಗೆ ಮಾತ್ರ ಹಣಾಹಣಿ. ಆದ್ದರಿಂದ ಶನಿವಾರ ಬಂತೆಂದರೆ ನಮ್ಮಂಥವರು ಕಾರು ತುಂಬಿಕೊಂಡು ಡೆಲಾವೇರ್ ನದಿ ದಾಟುತ್ತಿದ್ದೆವು. 1776ರ ಡಿಸೆಂಬರಿನಲ್ಲಿ ಜಾರ್ಜ್ ವಾಷಿಂಗ್ಟನ್ ಅದೇ ನದಿಯನ್ನು ಎದುರು ದಿಕ್ಕಿನಲ್ಲಿ, ಹಿಮದ ನಡುವೆ ದೋಣಿಯಲ್ಲಿ ದಾಟಿದ್ದರು. ನಮಗೆ ಸೇತುವೆಯಿತ್ತು, ಕೈಯಲ್ಲಿ ಬಿಸಿ ಕಾಫಿಯಿತ್ತು.

ನನಗೆ ಸಿಕ್ಕ ಊರು ಲೆವಿಟ್‌ಟೌನ್. 1952ರಿಂದ ಕೆಲವೇ ವರ್ಷಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಾರ್ಖಾನೆಯ ಸಾಮಾನಿನಂತೆ ಒಂದೇ ಅಚ್ಚಿನಲ್ಲಿ ಕಟ್ಟಿದ ಬಡಾವಣೆ. ಒಂದು ವಿಭಾಗದ ಬೀದಿಗಳ ಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ, ಬೀದಿಗಳೋ ಹಾವಿನಂತೆ ಬಳಸುತ್ತವೆ. ಹೊಸಬನಿಗೆ ದಿಕ್ಕು ತಪ್ಪಲು ಬೇರೇನೂ ಬೇಡ. ಕಟ್ಟಿದವರು ಆ ಮನೆಗಳನ್ನು ಬಿಳಿಯರಿಗೆ ಮಾತ್ರ ಮಾರುತ್ತಿದ್ದರು. 1957ರ ಆಗಸ್ಟಿನಲ್ಲಿ ಒಬ್ಬ ಬಿಳಿಯ ಮಾಲೀಕರಿಂದ ಮನೆ ಕೊಂಡು ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿಗಳು ಮಕ್ಕಳೊಡನೆ ಅಲ್ಲಿಗೆ ಬಂದರು. ರಾತ್ರಿ ರಾತ್ರಿ ಮನೆ ಮುಂದೆ ನೂರಾರು ಜನ ಸೇರಿದರು, ಕಲ್ಲು ತೂರಿದರು. ರಾಜ್ಯದ ಪೊಲೀಸರು ಬರಬೇಕಾಯಿತು. ಮೈಯರ್ಸ್ ಕುಟುಂಬ ಮಾತ್ರ ಮನೆ ಬಿಟ್ಟು ಓಡಲಿಲ್ಲ. ಅಂಥ ಊರಿನಲ್ಲಿ, ಕೀನ್ಯಾದಿಂದ ಬಂದ ತಂದೆಯ ಮಗನೊಬ್ಬನಿಗೆ ಮತ ಕೊಡಿ ಎಂದು ಕೇಳಲು, ಕರ್ನಾಟಕದ ಹಳ್ಳಿಯಿಂದ ಹೋದ ನಾನು ನಿಂತಿದ್ದೆ.

ಕೆಲಸವೇನೋ ಸರಳ. ಕಚೇರಿಯಲ್ಲಿ ಮನೆಗಳ ಪಟ್ಟಿ ಕೊಡುತ್ತಾರೆ. ಬಾಗಿಲು ತಟ್ಟಿ ಮಾತಾಡಿಸಿ ಒಂದರಿಂದ ಐದರವರೆಗೆ ಅಂಕಿ ಗುರುತಿಸಬೇಕು: 1 ಎಂದರೆ ಖಂಡಿತ ನಮ್ಮವರು, 5 ಎಂದರೆ ಖಂಡಿತ ಎದುರಾಳಿಯಾದ ಜಾನ್ ಮೆಕೇನ್ ಅವರ ಕಡೆ. ಕರಪತ್ರವನ್ನು ಅಂಚೆ ಪೆಟ್ಟಿಗೆಯಲ್ಲಿ ಹಾಕುವುದು ಕಾನೂನುಬಾಹಿರ. ಬಾಗಿಲ ಹಿಡಿಗೆ ಸಿಕ್ಕಿಸಬೇಕು. ವಾದ ಮಾಡಕೂಡದು. ನಮ್ಮ ಕಡೆಯ ಚುನಾವಣೆಯ ತಮಟೆ, ಮೈಕು, ಹಿಂಡುಗಟ್ಟಿ ಬಂದು ಕೈಮುಗಿಯುವ ಸಂಭ್ರಮ ಏನೂ ಇಲ್ಲ. ಒಬ್ಬನೇ ನಡೆಯಬೇಕು. ಬಾಗಿಲು ತೆರೆಯುವುದೇ ನಾಲ್ಕರಲ್ಲಿ ಒಂದು, ಉಳಿದೆಡೆ ನಾಯಿ ಬೊಗಳುತ್ತದೆ. ಊರಿನಲ್ಲಿ ಬಿಸಿಲಲ್ಲಿ ಬಂದವರಿಗೆ ಕನಿಷ್ಠ ಒಂದು ಲೋಟ ನೀರು ಸಿಗುತ್ತದಲ್ಲ ಎಂದು ನನಗೆ ಹಲವು ಸಲ ಅನ್ನಿಸಿದ್ದುಂಟು.

ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಬಿಳಿಯ ಅಜ್ಜಿ ಬಾಗಿಲು ತೆರೆದರು. ನಾನು ಕಲಿತ ಮಾತನ್ನು ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೀನು ಯಾರಿಗೆ ಹಾಕುತ್ತೀಯಪ್ಪ?" ಎಂದರು. ನನಗೆ ಮತವಿಲ್ಲ, ನಾನು ಈ ದೇಶದ ಪ್ರಜೆಯಲ್ಲ ಎಂದೆ. "ಹಾಗಿದ್ದರೆ ನಿನಗೇಕೆ ಈ ಚಳಿಯಲ್ಲಿ ಅಲೆದಾಟ?" ಎಂದು ಕೇಳಿದರು. ಕೊಂಕಿನ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬ ದನಿ. ನನ್ನ ಮಗಳು ಇಲ್ಲಿಯೇ ಹುಟ್ಟಿದವಳು, ಅವಳಿಗೆ ಮತವಿರುತ್ತದೆ, ಆದರೆ ಅವಳಿಗಿನ್ನೂ ನಾಲ್ಕು ವರ್ಷ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "1957ರಲ್ಲಿ ನಾನು ಇದೇ ಊರಿನಲ್ಲಿದ್ದೆ, ಆ ರಾತ್ರಿಗಳು ಗೊತ್ತು" ಎಂದರು. ಅಷ್ಟೇ. ತಾವು ಯಾವ ಕಡೆ ನಿಂತಿದ್ದರೆಂದು ಅವರು ಹೇಳಲಿಲ್ಲ. ಕೇಳಲು ನನಗೆ ನಾಲಗೆ ಬರಲಿಲ್ಲ. ಈಗ ಯಾರಿಗೆ ಮತ ಎಂಬುದನ್ನೂ ಹೇಳಲಿಲ್ಲ. ಕರಪತ್ರ ಇಸಿದುಕೊಂಡು ಬಾಗಿಲು ಮುಚ್ಚಿದರು. ಪಟ್ಟಿಯಲ್ಲಿ ನಾನು 3 ಎಂದು ಬರೆದೆ. ಇನ್ನೂ ತೀರ್ಮಾನಿಸದವರು ಎಂದು ಅದರ ಅರ್ಥ.

ಕೊನೆಯ ನಾಲ್ಕು ದಿನ ಲೆಕ್ಕಾಚಾರ ಬದಲಾಗುತ್ತದೆ. ಮನ ಒಲಿಸುವ ಕೆಲಸ ಮುಗಿದು, ಒಲಿದವರನ್ನು ಹೊರಡಿಸುವ ಕೆಲಸ ಶುರು. 1845ರ ಕಾನೂನಿನಂತೆ ಮತದಾನ ನವೆಂಬರಿನ ಮೊದಲ ಸೋಮವಾರದ ಮಾರನೆಯ ಮಂಗಳವಾರ. ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ ರಜೆಯೂ ಇಲ್ಲ. ಆಗ ಅಲ್ಲಿ ತಕ್ಕ ಕಾರಣವಿಲ್ಲದೆ ಅಂಚೆಯಲ್ಲಿ ಮತ ಕಳಿಸುವಂತಿರಲಿಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರೊಳಗೆ ಮತಗಟ್ಟೆಗೆ ಹೋಗಲೇಬೇಕು. "ಎಷ್ಟು ಹೊತ್ತಿಗೆ ಹೋಗುತ್ತೀರಿ? ಕೆಲಸಕ್ಕೆ ಮುಂಚೆಯೋ, ಆಮೇಲೋ? ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳುತ್ತಾ ಹೋದೆವು. ರಾಜಕೀಯವೆಂದರೆ ಇಷ್ಟು ಮನೆವಾರ್ತೆಯ ಮಾತೇ ಎಂದು ನನಗೆ ಆಶ್ಚರ್ಯವಾಯಿತು. ಅದು ಹಿಡಿಸಿತು ಕೂಡ.

ನಮ್ಮಲ್ಲಿ ಮತದಾನ ಮುಗಿಯುವುದಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಆ ಮೌನ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮತದಾರನಿಗೂ ಉಸಿರಾಡಲು ಬಿಡುವು ಬೇಕು. ಅಲ್ಲಿ ಅದಿಲ್ಲ. ನವೆಂಬರ್ 3ರ ಸೋಮವಾರವೂ ಕಚೇರಿಯಲ್ಲಿ ಫೋನು ಕಿವಿಯಿಂದ ಇಳಿದಿರಲಿಲ್ಲ. ಆ ದಿನ ಒಬಾಮಾ ಅವರ ಅಜ್ಜಿ ಮ್ಯಾಡೆಲಿನ್ ಡನ್‌ಹ್ಯಾಮ್ ಹವಾಯಿಯಲ್ಲಿ ತೀರಿಕೊಂಡ ಸುದ್ದಿ ಬಂತು. ಅವರನ್ನು ಸಾಕಿ ಬೆಳೆಸಿದವರಲ್ಲಿ ಒಬ್ಬರು, ಬಿಳಿಯ ಮಹಿಳೆ. ಮತವನ್ನು ಅಂಚೆಯಲ್ಲಿ ಮೊದಲೇ ಕಳಿಸಿದ್ದರು. ಅದನ್ನು ಎಣಿಸಲಾಗುವುದೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಕಚೇರಿ ಒಂದು ಗಳಿಗೆ ಸ್ತಬ್ಧವಾಯಿತು.

ಮರುದಿನ ಪೆನ್ಸಿಲ್ವೇನಿಯಾದಲ್ಲಿ ಒಬಾಮಾ ಗೆದ್ದ ಅಂತರ ಆರು ಲಕ್ಷಕ್ಕೂ ಹೆಚ್ಚು. ನನ್ನ ಕೆಲವು ನೂರು ಬಾಗಿಲು ಅದರಲ್ಲಿ ಲೆಕ್ಕಕ್ಕೇ ಇಲ್ಲ. ಆದರೆ 2016ರಲ್ಲಿ ಅದೇ ರಾಜ್ಯವನ್ನು ಡೊನಾಲ್ಡ್ ಟ್ರಂಪ್ ಗೆದ್ದದ್ದು ಸುಮಾರು 44 ಸಾವಿರ ಮತಗಳಿಂದ. ಅಂಥಲ್ಲಿ ಯಾವ ಬಾಗಿಲು ಲೆಕ್ಕಕ್ಕೆ ಬಂತೆಂದು ಹೇಳುವುದು ಕಷ್ಟ. ಸೋಮವಾರ ರಾತ್ರಿ ಇದ್ಯಾವುದೂ ನಮಗೆ ತಿಳಿಯದು. ಮಂಗಳವಾರ ನಸುಕಿಗೆ ಬಾಗಿಲಿಗೆ ತೂಗುಹಾಕುವ ಚೀಟಿಗಳನ್ನೂ ಹೊಸ ಪಟ್ಟಿಯನ್ನೂ ನನ್ನ ಕೈಗಿತ್ತರು. ಬೀದಿ ಅದೇ. 1 ಮತ್ತು 2 ಗುರುತಿದ್ದ ಮನೆಗಳಷ್ಟೇ ಅದರಲ್ಲಿದ್ದವು. ಅಜ್ಜಿಯ ಮನೆ ಇರಲಿಲ್ಲ. ಒಂದು ಚೀಟಿ ಹೆಚ್ಚಿಗೆ ಕೇಳಿ ತೆಗೆದುಕೊಂಡೆ.