ಸ್ವಲ್ಪದರಲ್ಲಿ ತಪ್ಪಿದ್ದು



ಸೈಕಲ್ಲಿನಲ್ಲಿ ಬರುವಾಗ ತಿರುವಿನಲ್ಲಿ ದಿಢೀರನೆ ಲಾರಿ ಎದುರಾಗಿ, ಎದೆ ಝಲ್ಲೆಂದು, ಹೇಗೋ ಪಕ್ಕಕ್ಕೆ ಸರಿದು ಪಾರಾದ ಅನುಭವ ನಿಮ್ಮಲ್ಲಿ ಹಲವರಿಗೆ ಇದ್ದೀತು. 'ಸ್ವಲ್ಪದರಲ್ಲಿ ಬಚಾವಾದೆ ಕಣೋ' ಎಂದು ಗೆಳೆಯನಿಗೆ ಹೇಳಿ ಮರೆತುಬಿಡುತ್ತೀರಿ. ಮನೆಯಲ್ಲಂತೂ ಹೇಳುವುದೇ ಇಲ್ಲ. ಹೇಳಿದರೆ ಮರುದಿನ ಸೈಕಲ್ ಸಿಗುವುದಿಲ್ಲವಲ್ಲ! ಹೀಗೆ ಮರೆತುಹೋಗುವ ಸಂಗತಿಗೆ ಬಹಳ ಬೆಲೆಯಿದೆ.

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅಪಾಯದ ಜಾಗಗಳನ್ನು ಸರ್ಕಾರ ಗುರುತಿಸುವುದಿಲ್ಲವೆಂದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2015ರಲ್ಲಿ ಕೊಟ್ಟ ಅಳತೆಯಂತೆ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾದರೆ, ಇಲ್ಲವೆ ಹತ್ತು ಮಂದಿ ಸತ್ತರೆ, ಅದು 'ಬ್ಲ್ಯಾಕ್ ಸ್ಪಾಟ್'. ಅಂದರೆ, ಪಟ್ಟಿಗೆ ಸೇರಬೇಕಾದರೆ ಮೊದಲು ರಕ್ತ ಹರಿಯಬೇಕು! ಅಲ್ಲಿಯವರೆಗೆ ಕಾಯಬೇಕೆ?

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಪರ್ಕಿನ್ಸ್ ಮತ್ತು ಹ್ಯಾರಿಸ್ 1968ರ ಸುಮಾರಿಗೇ ಬೇರೆ ದಾರಿ ಹುಡುಕಿದರು. ಕೂಡುರಸ್ತೆಯಲ್ಲಿ ಡಿಕ್ಕಿಗಳನ್ನಲ್ಲ, ಡಿಕ್ಕಿ ತಪ್ಪಿಸಲು ಗಕ್ಕನೆ ಹೊತ್ತಿಕೊಂಡ ಬ್ರೇಕ್ ದೀಪಗಳನ್ನೂ ಸರಕ್ಕನೆ ಪಕ್ಕಕ್ಕೆ ಹೊರಳಿದ ವಾಹನಗಳನ್ನೂ ಎಣಿಸುವ ಕ್ರಮ ಅವರದು. ಮುಂದೆ ಸ್ವೀಡನ್ನಿನ ಲುಂಡ್‌ನಲ್ಲಿ ಕ್ರಿಸ್ಟರ್ ಹೀಡೆನ್ ಇದಕ್ಕೆ ಕಾಲದ ಅಳತೆ ಸೇರಿಸಿದರು. ತಪ್ಪಿಸಿಕೊಳ್ಳಲು ತೊಡಗಿದಾಗ ಡಿಕ್ಕಿಗೆ ಒಂದೂವರೆ ಸೆಕೆಂಡಿಗಿಂತ ಕಡಿಮೆ ಸಮಯ ಉಳಿದಿದ್ದರೆ ಅದನ್ನು ಗಂಭೀರವೆಂದು ಮೊದಲಿಗೆ ಎಣಿಸಿದರು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ ಸುಮಾರು 21 ಮೀಟರ್ ಓಡಿರುತ್ತದೆ.

ನಿಮಗೆ ಯಾವ ಉಪಕರಣವೂ ಬೇಡ. ರಸ್ತೆಯಲ್ಲಿ ನಿಂತು ಎಣಿಸಲೂ ಹೋಗಬೇಡಿ. ಶಾಲೆಯ ಸುತ್ತಲಿನ ರಸ್ತೆಗಳ ನಕ್ಷೆ ಬರೆದು ತರಗತಿಯಲ್ಲಿ ತೂಗುಹಾಕಿ. ಬಚಾವಾದವರು ಆ ಜಾಗದಲ್ಲಿ ಚುಕ್ಕೆಯಿಟ್ಟು, ಎಷ್ಟು ಗಂಟೆಗೆ, ವಾಹನ ಯಾವ ಕಡೆಯಿಂದ ಬಂತು, ಕಣ್ಣಿಗೆ ಏನು ಅಡ್ಡವಾಗಿತ್ತು ಎಂದು ಬರೆಯಲಿ. ಹೆಸರು ಬೇಡ, ಹೆಸರು ಕೇಳಿದರೆ ಯಾರೂ ನಿಜ ಬರೆಯುವುದಿಲ್ಲ.

ಒಬ್ಬನೇ ಹುಡುಗ ನಾಲ್ಕು ಕಡೆ ಬಚಾವಾಗಿದ್ದರೆ ದೋಷ ಬಹುಶಃ ಅವನ ಸವಾರಿಯದು. ನಾಲ್ವರು ಒಂದೇ ಕಡೆ, ಒಂದೇ ರೀತಿಯಲ್ಲಿ ಬಚಾವಾಗಿದ್ದರೆ ಆ ಜಾಗವನ್ನೇ ಅನುಮಾನಿಸಬೇಕು. ಹಗಲಿನಲ್ಲಿ ಅಧ್ಯಾಪಕರೊಡನೆ ಹೋಗಿ ನೋಡಿ. ತಿರುವನ್ನು ಮುಚ್ಚಿದ ಬೇಲಿ, ಬಣ್ಣ ಕಾಣದ ಉಬ್ಬು, ಉರಿಯದ ಬೀದಿದೀಪ, ಮೂಲೆಗೇ ನಿಲ್ಲುವ ಆಟೋಗಳು, ಏನಾದರೂ ಸಿಕ್ಕೀತು. ಬೇಲಿ ಸವರಲು ಒಂದು ಮಚ್ಚು ಸಾಕು.

ಉಳಿದುದಕ್ಕೆ, ನಕ್ಷೆಯ ಪ್ರತಿಯನ್ನು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಪೊಲೀಸ್ ಠಾಣೆಗೂ ಪಂಚಾಯಿತಿಗೂ ಲೋಕೋಪಯೋಗಿ ಇಲಾಖೆಗೂ ಕೊಡಿ. ಮೂಲ ಪ್ರತಿ ಗೋಡೆಯ ಮೇಲೇ ಇರಲಿ, ಮುಂದಿನ ತಿಂಗಳ ಚುಕ್ಕೆಗಳಿಗೆ.