'ಅಡ್ಜಸ್ಟ್ ಮಾಡಿಕೋ' ಎನ್ನುವ ಮೊದಲು



ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಇಂಗ್ಲಿಷ್ ಮಾತೊಂದಿದೆ: 'ಅಡ್ಜಸ್ಟ್'. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳು ಬಂದರೆ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನುತ್ತಾಳೆ. ಎಲ್ಲರೂ ಒಂದಿಷ್ಟು ಸರಿಯುತ್ತಾರೆ, ಜಾಗವಾಗುತ್ತದೆ. ಅಲ್ಲಿ ಅದು ಒಳ್ಳೆಯ ಮಾತೇ.

ಈ ಪದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಲ್ಯಾಟಿನ್ನಿನ 'ಯುಕ್ಸ್ತಾ'. ಎಂದರೆ ಹತ್ತಿರ, ಪಕ್ಕದಲ್ಲಿ. ಹತ್ತಿರ ತಂದು ಜೋಡಿಸುವುದು ಎಂಬುದೇ ಮೂಲ ಅರ್ಥ. ನ್ಯಾಯವಾದದ್ದು ಎಂಬ ಅರ್ಥದ 'ಯುಸ್ತುಸ್' ಪದದ ನೆರಳೂ ಮುಂದೆ ಅದರ ಮೇಲೆ ಬಿತ್ತು.

ಆದರೆ ಹೊಡೆತ ತಿಂದು ತವರಿಗೆ ಬಂದ ಮಗಳಿಗೂ ನಾವು ಇದೇ ಮಾತು ಹೇಳುತ್ತೇವೆ. ನಾನೂ ಹೇಳಿದ್ದೇನೆ. ಗಂಡನ ಮನೆಯವರು ಇನ್ನೂ ಹಣ ತಾ ಎಂದು ಪೀಡಿಸುತ್ತಾರೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಅತ್ತಾಗ, 'ಅಡ್ಜಸ್ಟ್ ಮಾಡಿಕೊಳ್ಳಮ್ಮ' ಎಂದೆ. ಅವಳು ಮತ್ತೆ ನನ್ನ ಬಳಿ ಬರಲಿಲ್ಲ. ಪಾಠ ಹೇಳುವವಳಾಗಿದ್ದೂ ನನ್ನ ಮಾತಿನ ಅರ್ಥ ನನಗೇ ತಿಳಿದಿರಲಿಲ್ಲ.

ಸರಿಯುವವಳು ಒಬ್ಬಳೇ ಆದರೆ ಅದು ಹೊಂದಾಣಿಕೆಯಲ್ಲ. ಅವಳನ್ನು ಸೀಟಿನಿಂದ ಕೆಳಗೆ ತಳ್ಳಿದಂತೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೇಳುವುದೇ ಅಪರಾಧ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಅವಳಿಗೆ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಮಹಿಳಾ ಸಹಾಯವಾಣಿ 181 ಇದೆ.

ಸಂಘದಲ್ಲಿ ಯಾರಾದರೂ ಕಷ್ಟ ಹೇಳಿಕೊಂಡರೆ, 'ಅಡ್ಜಸ್ಟ್ ಮಾಡಿಕೋ' ಎನ್ನುವ ಮೊದಲು ಕೇಳೋಣ: 'ಅವರೆಷ್ಟು ಸರಿದರು?' ಆಮೇಲೆ ಅವಳ ಪಕ್ಕದಲ್ಲಿ ನಿಲ್ಲೋಣ.