ಕಡಲ ಊರಿಗೆ ಅತಿಥಿಗಳಾಗಿ

(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ಗುರುಗಳು ಮಾಡಿದ ಭಾಷಣ)



ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ಅದರ ಗೋಡೆಗಳ ವಯಸ್ಸನ್ನು ಎಣಿಸಿದರೆ ಮಾತ್ರ ಸಾಲದು. ಆ ಗೋಡೆಗಳ ಸುತ್ತ ಬಾಳಿದ ಊರುಗಳ ಗುಣ ಸ್ವಭಾವಗಳು ಈ ಅವಧಿಯಲ್ಲಿ ಏನಾದವು, ಮುಂದೆ ಏನಾಗಲಿವೆ ಎಂಬುದನ್ನೂ ವಿಚಾರಿಸುವುದು ಯೋಗ್ಯ. ಆದುದರಿಂದ ಇಂದಿನ ಸಭೆಯಲ್ಲಿ ನಾವು ಪ್ರವಾಸೋದ್ಯಮವು ಒಂದು ಊರಿಗೆ ಏನನ್ನು ಕೊಡುತ್ತದೆ, ಏನನ್ನು ಕೊಂಡೊಯ್ಯುತ್ತದೆ ಎಂಬ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದಕ್ಕೆ ಉದಾಹರಣೆಯಾಗಿ ನಮ್ಮ ನೆರೆಯ ಉತ್ತರ ಕನ್ನಡದ ಕಡಲತೀರವನ್ನು ನೋಡೋಣ.

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳಿಗೆ ಕಡಲೆಲ್ಲಿದೆ ಎಂದು ತಾವು ಕೇಳಬಹುದು. ಕಡಲಿಲ್ಲ ನಿಜ, ಆದರೆ ಸಂಬಂಧವಿದೆ. ಕ್ರಿಸ್ಮಸ್ ರಜೆ ಬಂದಿತೆಂದರೆ, ಪರೀಕ್ಷೆಗಳು ಮುಗಿದವೆಂದರೆ, ನಮ್ಮ ಶಾಲೆಗಳ ಮತ್ತು ಯುವಜನ ಸಂಘಗಳ ಬಸ್ಸುಗಳು ಹಾನಗಲ್ಲ ಶಿರಸಿಗಳನ್ನು ದಾಟಿ, ದೇವಿಮನೆ ಘಟ್ಟವನ್ನು ಇಳಿದು ಕುಮಟಾ, ಗೋಕರ್ಣ, ಮುರ್ಡೇಶ್ವರಗಳಿಗೆ ಹೋಗುತ್ತವೆ. ಅಲ್ಲಿಗೆ ಹೋಗುವ ಪ್ರವಾಸಿಗರು ಬೇರೆ ಯಾರೋ ಅಲ್ಲ, ನಾವೇ. ಮತ್ತೊಂದು, ಬಯಲುಸೀಮೆಯ ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ತಾಲೂಕುಗಳ ಎಷ್ಟೋ ಕುಟುಂಬಗಳು ಗೋವೆಗೂ ಕರಾವಳಿಗೂ ದುಡಿಯಲು ಹೋಗುತ್ತವೆ; ಅಲ್ಲಿಯ ವಸತಿಗೃಹಗಳ ಕಲ್ಲು ಮಣ್ಣು ಹೊತ್ತ ಕೈಗಳಲ್ಲಿ ನಮ್ಮವರ ಕೈಗಳೂ ಉಂಟು. ಮೂರನೆಯದಾಗಿ, ಅಭಿವೃದ್ಧಿಯ ಇದೇ ಮಾತು ಈಗ ನಮ್ಮ ಬಾಗಿಲಿಗೂ ಬಂದಿದೆ. ನೆರೆಯವನ ಮನೆಯಲ್ಲಿ ನಡೆದುದನ್ನು ಕಂಡು ಕಲಿಯುವುದು ಬುದ್ಧಿವಂತರ ಲಕ್ಷಣ.

ಗೋಕರ್ಣವನ್ನೇ ತೆಗೆದುಕೊಳ್ಳಿರಿ. ಅದು ಅತಿಥಿಗಳನ್ನು ಅರಿಯದ ಊರಲ್ಲ. ಮಹಾಬಲೇಶ್ವರನ ಕ್ಷೇತ್ರವಾದ ಆ ಊರಿಗೆ ಶತಮಾನಗಳಿಂದ ಯಾತ್ರಿಕರು ಬರುತ್ತಲೇ ಇದ್ದಾರೆ. ಆದರೆ ಯಾತ್ರಿಕನಿಗೂ ಪ್ರವಾಸಿಗನಿಗೂ ಒಂದು ವ್ಯತ್ಯಾಸವಿದೆ. ಯಾತ್ರಿಕನು ಊರಿನ ಕ್ರಮಕ್ಕೆ ತಾನು ಒಗ್ಗಿಕೊಳ್ಳುತ್ತಾನೆ. ಅಲ್ಲಿಯವರ ಮನೆಯಲ್ಲಿ ಇಳಿದುಕೊಂಡು, ಅವರು ಬಡಿಸಿದುದನ್ನು ಉಂಡು, ಅವರ ಹಬ್ಬದ ದಿನಗಳಿಗೆ ಸರಿಯಾಗಿ ಬಂದು ಹೋಗುತ್ತಾನೆ. ಪ್ರವಾಸಿಗನಾದರೋ ಹಣ ಕೊಟ್ಟಿದ್ದೇನೆಂಬ ಕಾರಣಕ್ಕೆ ಊರೇ ತನ್ನ ಕ್ರಮಕ್ಕೆ ಒಗ್ಗಬೇಕೆಂದು ಅಪೇಕ್ಷಿಸುತ್ತಾನೆ. ವೇಳಾಂಗಣಿಗೆ ಹೋಗಿಬರುವ ನಮ್ಮ ಕುಟುಂಬಗಳಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಬ್ಬನೇ ಮನುಷ್ಯನು ಬೆಳಿಗ್ಗೆ ಯಾತ್ರಿಕನಾಗಿಯೂ ಸಂಜೆ ಪ್ರವಾಸಿಗನಾಗಿಯೂ ಇರಬಲ್ಲನೆಂಬುದೂ ಅವರಿಗೆ ಗೊತ್ತು.

ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳಾಚೆ ಇರುವ ಕುಡ್ಲೆ ಮತ್ತು ಓಂ ಕಡಲತೀರಗಳಿಗೆ ಹಿಂದೆ ಕಾಲುದಾರಿಯಲ್ಲಿ ನಡೆದು ಹೋಗಬೇಕಾಗಿತ್ತು. ಗೋವೆಯ ಜನಜಂಗುಳಿಯಿಂದ ಬೇಸತ್ತ ವಿದೇಶೀಯರು 1990ರ ದಶಕದಲ್ಲಿ ಅಲ್ಲಿಗೆ ಬರತೊಡಗಿದರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆಯಿತು. ಆಮೇಲೆ ರಸ್ತೆಗಳು, ವಸತಿಗೃಹಗಳು, ಬೆಂಗಳೂರು ಹುಬ್ಬಳ್ಳಿಗಳಿಂದ ವಾರದ ಕೊನೆಯಲ್ಲಿ ಬರುವ ವಾಹನಗಳ ಸಾಲು. ಒಂದು ತಲೆಮಾರಿನ ಅವಧಿಯೊಳಗೆ ಇಷ್ಟೆಲ್ಲ ನಡೆದುಹೋಯಿತು.

ಆದರೆ ನ್ಯಾಯವಾಗಿ ಮಾತನಾಡಬೇಕಾದರೆ, ಕಡಲ ಊರುಗಳ ಬದುಕನ್ನು ಪ್ರವಾಸಿಗರೇ ಮೊದಲು ಕದಡಿದರೆಂದು ಹೇಳಲಾಗದು. ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ದೋಣಿಯಲ್ಲಿ ಅದನ್ನು ಕಡಲೊಳಗೆ ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡು ತುದಿಗಳನ್ನು ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದರು. ಸಿಕ್ಕ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದು, ಬಂಗುಡೆ ಬೈಗೆಗಳ ಗುಂಪನ್ನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯತೊಡಗಿದವು. ರಂಪಣಿಯು ಕ್ಷೀಣಿಸಿತು. ಆ ಬಲೆಯೊಡನೆ, ಊರೆಲ್ಲ ಸೇರಿ ಎಳೆಯುವ, ಸೇರಿ ಹಂಚಿಕೊಳ್ಳುವ ಕಟ್ಟೂ ಸಡಿಲಾಯಿತು. ದಡದಲ್ಲಿ ಕೆಲಸವಿಲ್ಲದಾದಾಗ ದಡವು ಬರಿದಾಗಿ ಕಂಡಿತು. ಬರಿದಾಗಿ ಕಂಡ ದಡದ ಮೇಲೆ ಹೊರಗಿನವರ ಕಣ್ಣು ಬಿದ್ದಿತು. ಈ ಕ್ರಮವನ್ನು ನಾವು ಚೆನ್ನಾಗಿ ನೆನಪಿಡಬೇಕು. ಒಂದು ಊರಿನ ಕಸುಬು ಕುಂದಿದ ಮೇಲೆಯೇ ಅದರ ನೋಟವು ಮಾರಾಟಕ್ಕೆ ಬರುತ್ತದೆ.

ಪ್ರವಾಸೋದ್ಯಮದಿಂದ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಮೀನು ಸಿಗದ ದಿನಗಳಲ್ಲಿ ದೋಣಿಯವನಿಗೆ ಪ್ರವಾಸಿಗರ ಬಾಡಿಗೆ ಸಿಗುತ್ತದೆ. ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟು ಮಕ್ಕಳನ್ನು ಕಾಲೇಜಿಗೆ ಕಳಿಸಿದ ತಾಯಂದಿರಿದ್ದಾರೆ. ಮುಂಬಯಿಗೆ ಓಡಬೇಕಾಗಿದ್ದ ತರುಣನು ಊರಿನಲ್ಲೇ ಉಳಿದಿದ್ದಾನೆ. ಹಸಿದವನಿಗೆ ಊರಿನ ಸೊಬಗನ್ನು ಕಾಪಾಡೆಂದು ಬೋಧಿಸುವುದು ಸುಲಭ, ಅದು ಧರ್ಮವಲ್ಲ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕಲ್ಲವೇ? ಮೊದಲನೆಯದು ಭೂಮಿ. ದಡದ ನೆಲಕ್ಕೆ ಬೆಲೆ ಏರಿದಾಗ ಅಣ್ಣತಮ್ಮಂದಿರ ಪಾಲು ಮಾರಾಟವಾಗುತ್ತದೆ. ಮಾರಿದವನು ಕೆಲವು ವರ್ಷಗಳಲ್ಲಿ ಅದೇ ನೆಲದ ಮೇಲೆ ಸಂಬಳದ ಕಾವಲುಗಾರನಾಗುತ್ತಾನೆ. ಎರಡನೆಯದು ನೀರು. ಕಡಲತೀರದ ಮರಳಿನಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಕೊಡದಿಂದ ಸೇದುವವರೆಗೆ ಅದು ಮುಗಿಯುವುದಿಲ್ಲ. ಕೊಳವೆಬಾವಿಯಿಂದ ಮಿತಿಮೀರಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರಿ ನೆರೆಯವರ ಬಾವಿಯನ್ನೂ ಕೆಡಿಸುತ್ತದೆ. ಮೂರನೆಯದು ಕೆಲಸ. ಪ್ರವಾಸದ ಕಾಲವು ಮಳೆ ನಿಂತ ಮೇಲೆ ಆರಂಭವಾಗಿ ಮತ್ತೆ ಮಳೆ ಹಿಡಿಯುವವರೆಗೆ ಮಾತ್ರ. ಮಳೆಗಾಲದ ತಿಂಗಳುಗಳಲ್ಲಿ ಆ ದುಡಿಮೆಯೂ ಇಲ್ಲ, ಬಿಟ್ಟುಬಂದ ಕಸುಬೂ ಇಲ್ಲ. ಮನುಷ್ಯರಿಗಷ್ಟೇ ಅಲ್ಲ, ಇತರ ಜೀವಿಗಳಿಗೂ ಇದರ ಬಿಸಿ ತಟ್ಟುತ್ತದೆ. ಉತ್ತರ ಕನ್ನಡದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ರಾತ್ರಿ ಬೆಳಕಿನ ಕಡೆಗೆ ಸಾಗುವ ಸ್ವಭಾವದವು. ದಡದ ದೀಪಗಳು ಕಡಲಿಗಿಂತ ಪ್ರಖರವಾದಾಗ ಅವು ದಾರಿತಪ್ಪಿ ನೆಲದ ಕಡೆಗೆ ತೆವಳುತ್ತವೆ.

ಕಾನೂನು ಏನು ಮಾಡಿತು? 1991ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತದ ಗೆರೆಯಿಂದ 500 ಮೀಟರುಗಳವರೆಗಿನ ನೆಲವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಗ್ರಾಮೀಣ ತೀರದ ಮೊದಲ 200 ಮೀಟರುಗಳಲ್ಲಿ ಹೊಸ ಕಟ್ಟಡಗಳಿಗೆ ಸಾಮಾನ್ಯವಾಗಿ ಅವಕಾಶವಿರಲಿಲ್ಲ. 2019ರ ಅಧಿಸೂಚನೆಯು, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯುಳ್ಳ ಗ್ರಾಮೀಣ ತೀರಗಳಲ್ಲಿ ಈ ಅಂತರವನ್ನು 50 ಮೀಟರುಗಳಿಗೆ ಇಳಿಸಿತು. ಇಕ್ಕಟ್ಟಾದ ಮನೆಯ ಪಕ್ಕದಲ್ಲಿ ಮಗನಿಗೊಂದು ಕೋಣೆ ಕಟ್ಟಬೇಕೆನ್ನುವ ಮೀನುಗಾರನಿಗೆ ಇದರಿಂದ ಉಪಕಾರವಾಗಬಹುದು. ಆದರೆ ಅದೇ ಬಾಗಿಲಿನಿಂದ ಹಣವಂತನೂ ಒಳಗೆ ಬರಬಲ್ಲನು. ಗೆರೆ ಎಳೆಯುವುದು ಸರಕಾರದ ಕೆಲಸ. ಗೆರೆಯ ಹಿಂದಿರುವ ಊರನ್ನು ಉಳಿಸುವುದು ಊರವರದೂ ಅತಿಥಿಗಳದೂ ಕೆಲಸ.

ಊರಿನವರ ಮಾತಿಗೆ ಬೆಲೆಯಿಲ್ಲದಾದಾಗ ಏನಾಗುತ್ತದೆಂಬುದಕ್ಕೆ ಕಡಲೇ ಸಾಕ್ಷಿ. ಮುರ್ಡೇಶ್ವರದ 123 ಅಡಿಯ ಶಿವನ ಮೂರ್ತಿಯನ್ನು ನೋಡಲು ಲಕ್ಷಾಂತರ ಜನ ಬರುತ್ತಾರೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಅಲ್ಲಿಯ ನೀರಿನಲ್ಲಿ ಪ್ರಾಣ ಕಳೆದುಕೊಂಡರು. ಯಾರನ್ನೂ ದೂಷಿಸಲು ಇದನ್ನು ಹೇಳುತ್ತಿಲ್ಲ. ಬಯಲುಸೀಮೆಯ ಮಕ್ಕಳಿಗೆ ಕೆರೆಯ ನೀರು ಗೊತ್ತು, ಕಡಲಿನ ಸೆಳವು ಗೊತ್ತಿಲ್ಲ. ನಮ್ಮ ಮಕ್ಕಳೂ ಬಯಲುಸೀಮೆಯವರೇ. ಆ ಸೆಳವನ್ನು ಬಲ್ಲವನು ದಡದಲ್ಲಿ ಬಲೆ ಹೆಣೆಯುತ್ತ ಕುಳಿತ ಮೀನುಗಾರನು. ಅವನನ್ನು ಕೇಳದೆ ನೀರಿಗಿಳಿಯುವುದು ಹಿರಿಯರಿಲ್ಲದ ಮನೆಯೊಳಗೆ ನುಗ್ಗಿದಂತೆ.

ಈ ಸಂಗತಿ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ನೀರಿನ ಮೇಲೆ ಕಟ್ಟಿದ ಇಟಲಿಯ ವೆನಿಸ್ ನಗರದ ಹಳೆಯ ಭಾಗದಲ್ಲಿ 1951ರಲ್ಲಿ ಸುಮಾರು 1,75,000 ನಿವಾಸಿಗಳಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. 2024ರ ಏಪ್ರಿಲಿನಿಂದ, ಗೊತ್ತುಪಡಿಸಿದ ದಿನಗಳಲ್ಲಿ ಒಂದು ದಿನದ ಮಟ್ಟಿಗೆ ಬರುವವರಿಂದ ಪ್ರವೇಶಶುಲ್ಕವನ್ನೂ ವಸೂಲು ಮಾಡತೊಡಗಿದರು. ಅರಮನೆಗಳೂ ಚರ್ಚುಗಳೂ ಎಂದಿನಂತೆ ನಿಂತಿವೆ. ಆದರೆ ತರಕಾರಿ ಕೊಳ್ಳುವ, ಮಕ್ಕಳನ್ನು ಶಾಲೆಗೆ ಕಳಿಸುವ ಸಂಸಾರಗಳು ಹೊರಟುಹೋದವು. ಟಿಕೇಟು ತೆಗೆದುಕೊಂಡು ಒಳಗೆ ಹೋಗುವ ಊರನ್ನು ಊರೆನ್ನಬೇಕೇ?

ಇದಕ್ಕೆ ಬೇರೆಯಾದ ಚಿತ್ರವೊಂದು ಗೋಕರ್ಣದ ಪಕ್ಕದಲ್ಲೇ ಇದೆ. ಅಘನಾಶಿನಿ ನದಿಯು ಕಡಲು ಸೇರುವ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗ ಎಂಬ ಭತ್ತವನ್ನು ಇಂದಿಗೂ ಬೆಳೆಯುವವರಿದ್ದಾರೆ. ಸಾಣಿಕಟ್ಟಾದಲ್ಲಿ ಉಪ್ಪು ತಯಾರಾಗುತ್ತದೆ. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಕೆಸರಿಗಿಳಿದು ಚಿಪ್ಪಿಕಲ್ಲು ಆಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಆ ಅಳಿವೆಯು ತನ್ನತನವನ್ನು ಉಳಿಸಿಕೊಂಡಿರುವುದು ಚೆಲುವಿನಿಂದಲ್ಲ, ಅಲ್ಲಿ ನಡೆಯುವ ದುಡಿಮೆಯಿಂದ. ಊರಿನ ಸ್ವಭಾವವು ಅದರ ನೋಟದಲ್ಲಿಲ್ಲ, ಅದರ ಕೆಲಸದಲ್ಲಿದೆ. ಇಂದು ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ.

ಈಗ ನಮ್ಮ ಸೀಮೆಗೆ ಬರೋಣ. ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದರಾದ ದಿವಂಗತ ಟಿ. ಬಿ. ಸೊಲಬಕ್ಕನವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನನ್ನು ತಮ್ಮಲ್ಲಿ ಬಹುಮಂದಿ ನೋಡಿದ್ದೀರಿ. ನಮ್ಮ ಹಳ್ಳಿಗಳ ದುಡಿಮೆ, ಮನೆಮಾರು, ದನಕರುಗಳೆಲ್ಲ ಅಲ್ಲಿ ಶಿಲ್ಪಗಳಾಗಿ ಜೀವಂತವಿದ್ದಂತೆ ನಿಂತಿವೆ. ಅದು ಶ್ಲಾಘನೀಯವಾದ ಕೆಲಸ. ಆದರೆ ಅಲ್ಲಿಂದ ಹೊರಬರುವಾಗ ಒಂದು ಪ್ರಶ್ನೆ ಮನಸ್ಸಿಗೆ ತಟ್ಟಬೇಕು: ಅಜ್ಜಂದಿರ ಹಿತ್ತಿಲಲ್ಲಿ ಹಣವಿಲ್ಲದೆ ಕಾಣುತ್ತಿದ್ದುದನ್ನು ಮೊಮ್ಮಕ್ಕಳು ಟಿಕೇಟು ಕೊಂಡು ನೋಡುವಂತಾದುದು ಏಕೆ? ಕಲಾವಿದನು ನೆನಪನ್ನು ಉಳಿಸಿಕೊಟ್ಟಿದ್ದಾನೆ. ಕಸುಬನ್ನು ಉಳಿಸುವುದು ಅವನೊಬ್ಬನಿಂದ ಆಗುವ ಕೆಲಸವಲ್ಲ.

ಬಾಡದಲ್ಲಿ ಕನಕದಾಸರ ನೆನಪಿಗೆ ಅರಮನೆ ಎದ್ದಿದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯ, ಬಂಕಾಪುರದ ಕೋಟೆ ಮತ್ತು ನವಿಲುಧಾಮ, ಸವಣೂರಿನ ದೊಡ್ಡಹುಣಸೆ ಮರಗಳು, ಹಿರೇಕೆರೂರು ಸೀಮೆಯ ಮದಗದ ಕೆರೆ, ಇವೆಲ್ಲ ನೋಡತಕ್ಕ ಸ್ಥಳಗಳೇ. ಜನ ಬರಲಿ, ನಮ್ಮ ಮಿರ್ಚಿ ಮಂಡಕ್ಕಿಯ ಅಂಗಡಿಗಳಿಗೂ ಸವಣೂರಿನ ಖಾರಕ್ಕೂ ವ್ಯಾಪಾರವಾಗಲಿ. ಆದರೆ ಯೋಜನೆಯ ಕಾಗದವನ್ನು ಹಿಡಿದು ಯಾರಾದರೂ ಬಂದಾಗ, ಕಡಲತೀರದ ಅನುಭವವು ಕಲಿಸಿದ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ನೆಲವು ಯಾರ ಹೆಸರಿನಲ್ಲಿ ಉಳಿಯುತ್ತದೆ? ನೀರು ಯಾವ ಕೆರೆಯಿಂದ, ಯಾರ ಬಾವಿಯಿಂದ ಬರುತ್ತದೆ? ಜನ ಬಾರದ ತಿಂಗಳುಗಳಲ್ಲಿ ನಮ್ಮ ಮಕ್ಕಳಿಗೆ ಕೆಲಸವೇನು? 1993ರ ಪಂಚಾಯತ್ ರಾಜ್ ಅಧಿನಿಯಮವು ನಮ್ಮ ರಾಜ್ಯದ ಹಳ್ಳಿಗರಿಗೆ ಗ್ರಾಮಸಭೆಯನ್ನು ಕೊಟ್ಟಿದೆ. ಅಲ್ಲಿ ಮೌನವಾಗಿದ್ದು ಆಮೇಲೆ ಕಟ್ಟೆಯ ಮೇಲೆ ಕುಳಿತು ದೂರುವುದರಿಂದ ಯಾವ ಊರೂ ಉಳಿಯಲಿಲ್ಲ.

ಯುವಜನರಿಗೆ ವಿಶೇಷವಾಗಿ ಒಂದೆರಡು ಮಾತು. ಕಡಲು ನೋಡಲು ಹೋಗಬೇಡಿರೆಂದು ನಾವು ಹೇಳುವುದಿಲ್ಲ. ದೇವರ ಸೃಷ್ಟಿಯಲ್ಲಿ ಅಷ್ಟು ವಿಶಾಲವಾದುದನ್ನು ಕಾಣದೆ ಇರಬಾರದು. ಹೋಗುವಾಗ ಅತಿಥಿಗಳಾಗಿ ಹೋಗಿರಿ. ಊಟವನ್ನು ಆ ಊರಿನವರ ಖಾನಾವಳಿಯಲ್ಲಿ ಮಾಡಿರಿ; ಚೌಕಾಸಿಯನ್ನು ಬುಟ್ಟಿ ಹೊತ್ತ ಹೆಂಗಸಿನೊಡನೆ ಮಾಡಬೇಡಿರಿ. ಒಯ್ದ ಪ್ಲಾಸ್ಟಿಕ್ಕನ್ನು ಬಸ್ಸಿನಲ್ಲೇ ಹಿಂದಕ್ಕೆ ತನ್ನಿರಿ. ಹಾಲಕ್ಕಿ ಒಕ್ಕಲಿಗರ ಅಜ್ಜಿ ಮಣಿಸರಗಳನ್ನು ತೊಟ್ಟು ತರಕಾರಿ ಮಾರುತ್ತಿದ್ದರೆ, ಅವಳು ಚಿತ್ರ ತೆಗೆಯಲೆಂದು ಕುಳಿತವಳಲ್ಲ; ಕೇಳಿ ತೆಗೆಯಿರಿ, ಬೇಡವೆಂದರೆ ನಮಸ್ಕರಿಸಿ ಮುಂದೆ ಹೋಗಿರಿ. ನೀರಿಗಿಳಿಯುವ ಮೊದಲು ಅಲ್ಲಿಯ ಮೀನುಗಾರನನ್ನೂ ಕಾವಲಿನವನನ್ನೂ ವಿಚಾರಿಸಿರಿ. ಅಲ್ಲಿಯ ಕಟ್ಟಡಗಳ ಮೇಲೆ ಸಿಮೆಂಟು ಹೊರುತ್ತಿರುವವನು ನಮ್ಮ ತಾಲೂಕಿನವನಾಗಿದ್ದರೆ ಅವನ ಊರು ಕೇಳಿ, ಎರಡು ಮಾತಾಡಿರಿ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದ್ದು ನೋಡುವವರಿಗಾಗಿ ಅಲ್ಲ, ಇಲ್ಲಿ ಬಾಳುವವರಿಗಾಗಿ. ಇನ್ನು ನೂರು ವರ್ಷಗಳ ಮೇಲೆ ಇಲ್ಲಿಗೆ ಬರುವವರು ಗೋಡೆಗಳನ್ನು ಮಾತ್ರ ಕಾಣದೆ, ಹೊಲದಿಂದ ಬಂದು ಪ್ರಾರ್ಥನೆಗೆ ನಿಂತ ಜನರನ್ನೂ ಕಾಣುವಂತಾಗಲಿ. ಕಡಲ ಊರಿನವರಿಗೂ ನಾವು ಬೇಡುವುದು ಅದನ್ನೇ. ದೇವರು ನಮ್ಮೆಲ್ಲರನ್ನೂ ಹರಸಲಿ.